ಹತ್ತಿ ಬಟ್ಟೆ ಮಾತ್ರ

"ನಾನು ಎಂಥಾ ಕೆಲಸಗಾರ ಅಂದ್ರೆ, ನಾನು ಕೈ ಹಾಕಿದ ಕಸುಬು ಎರಡು ವರ್ಷದೊಳಗೆ ಬಾಗಿಲು ಹಾಕ್ಕೊಳ್ಳತ್ತೆ." ಹೊಸಬರು ಯಾರೇ ಸಿಗಲಿ, ತನ್ನ ಬಗ್ಗೆ ಅವನು ಹೇಳುವ ಮೊದಲ ಮಾತು ಇದು. ಹಾಗಂತ ಸುಳ್ಳೇನಲ್ಲ. ಹರೆಯದಲ್ಲಿ ಅವನು ಮನೆಗಳ ಮಾಳಿಗೆ ಹತ್ತಿ ಟೀವಿ ಏರಿಯಲ್ ಕಟ್ಟುತ್ತಿದ್ದ. ಕೈ ಪಳಗಿ, ನಾಲ್ಕು ಬೀದಿಯಲ್ಲಿ ಹೆಸರು ಬಂತು ಅನ್ನುವಷ್ಟರಲ್ಲಿ ಕೇಬಲ್ ಬಂತು. ಮಾಳಿಗೆ ಮೇಲಿನ ಏರಿಯಲ್ಲುಗಳನ್ನೆಲ್ಲ ಜನ ಕಿತ್ತು ಗುಜರಿಗೆ ಹಾಕಿದರು. ಅವನಿಗೆ ಅಂಟಿಕೊಂಡಿದ್ದ 'ಏರಿಯಲ್' ಅನ್ನುವ ಅಡ್ಡಹೆಸರನ್ನು ಮಾತ್ರ ಯಾವ ಗುಜರಿಯವನೂ ತಗೊಳ್ಳಲಿಲ್ಲ.

ಈಗ ಅವನಿಗೆ ಐವತ್ತೆಂಟು. ಆಗ ಮೇಲೆ ಹತ್ತುತ್ತಿದ್ದವನು ಈಗ ಕೆಳಗೆ ಇಳಿಯುತ್ತಾನೆ, ಮುನ್ನೂರು ಮೀಟರ್ ಆಳದ ಹಳೇ ಉಪ್ಪಿನ ಗಣಿಗೆ. ಮಾಡುವ ಕೆಲಸ ಮಾತ್ರ ಅದೇ, ಏರಿಯಲ್ ಕಟ್ಟುವುದು. ಏಳು ವರ್ಷದ ಹಿಂದೆ ಒಬ್ಬರು ಪ್ರೊಫೆಸರ್ ಮೇಡಂ ಅವನ ರಿಪೇರಿ ಅಂಗಡಿಗೆ ಹುಡುಕಿಕೊಂಡು ಬಂದು, "ಏರಿಯಲ್ ಕಟ್ಟೋಕೆ ಬರತ್ತಾ?" ಅಂತ ಕೇಳಿದರು. "ಅದೊಂದೇ ಬರೋದು ಮೇಡಂ" ಅಂದ. "ಸರಿ, ಆದರೆ ಮಾಳಿಗೆ ಮೇಲೆ ಅಲ್ಲ. ಉಪ್ಪಿನೊಳಗೆ" ಅಂದರು. ಪಾಪ, ಓದಿ ಓದಿ ಹೀಗಾಗಿದೆ ಅಂತ ಅವನು ಒಳಗೇ ಮರುಗಿದ. ಅಂಗಡಿಗೆ ತಿಂಗಳಿಗೆ ಮೂರು ಜನ ಬರುತ್ತಿದ್ದ ಕಾಲ ಅದು, ಹಾಗಾಗಿ ಹೂಂ ಅಂದುಬಿಟ್ಟ.

ಅಲ್ಲಿ ನಡೆಯುವುದೇನು ಅಂತ ಅವನು ಗಣಿಯ ಲಿಫ್ಟಿನವನಿಗೆ ಇಳಿಯುವ ನಾಲ್ಕು ನಿಮಿಷದಲ್ಲಿ ವಿವರಿಸಿದ್ದು ಹೀಗೆ: "ಆಕಾಶದ ಯಾವುದೋ ಮೂಲೆಯಿಂದ ನ್ಯೂಟ್ರಿನೋ ಅಂತ ಒಂದು ಕಣ ಬರತ್ತೆ. ಗೋಡೆ, ಬೆಟ್ಟ, ಭೂಮಿ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಈ ಕಡೆ ಹೊಕ್ಕು ಆ ಕಡೆ ಹೋಗ್ತಾ ಇರತ್ತೆ. ಆದರೆ ಬಹಳ ಶಕ್ತಿ ಇರೋದು ಒಂದು, ಎಲ್ಲೋ ಅಪರೂಪಕ್ಕೆ, ಉಪ್ಪಿಗೆ ಢಿಕ್ಕಿ ಹೊಡೀತು ಅಂತಿಟ್ಕೋ. ಆಗ 'ಟಕ್' ಅಂತ ಒಂದೇ ಒಂದು ರೇಡಿಯೋ ಅಲೆ ಏಳತ್ತೆ. ಕಣ್ಣು ಮಿಟುಕಿಸೋದು ಅದರ ಮುಂದೆ ಒಂದು ಯುಗ. ಒಣಗಿದ ಉಪ್ಪು ರೇಡಿಯೋ ಅಲೆಗೆ ಗಾಜಿದ್ದ ಹಾಗೆ, ತಡೆಯೋದಿಲ್ಲ. ಕೆಳಗಿನ ಹಜಾರದ ನೆಲದಲ್ಲಿ ಇಪ್ಪತ್ತು ಮೀಟರ್ ತೂತು ಕೊರೆದು ನನ್ನ ಏರಿಯಲ್ ಇಳಿಬಿಟ್ಟಿದ್ದೀವಿ, ಆ 'ಟಕ್' ಕೇಳಿಸ್ಕೊಳ್ಳೋಕೆ."

"ಏಳು ವರ್ಷದಲ್ಲಿ ಎಷ್ಟು ಕೇಳಿಸ್ತು?"

"ಒಂದೂ ಇಲ್ಲ."

"ಮತ್ತೆ ನಿನಗೆ ಸಂಬಳ ಯಾತಕ್ಕೆ?"

"ಒಂದೂ ಬಂದಿಲ್ಲ ಅಂತ ಖಾತ್ರಿ ಮಾಡೋಕೆ" ಅಂದ ಇವನು. ಲಿಫ್ಟಿನವನು ನಕ್ಕು ನಕ್ಕು ಬಾಗಿಲಿನ ಗುಂಡಿ ಒತ್ತುವುದನ್ನೇ ಮರೆತ.

ಸಂಜೆ ಮನೆಗೆ ಹೋದರೆ ಅಲ್ಲಿಯೂ ಅದೇ ವಿಚಾರಣೆ. ಚಪ್ಪಲಿ ಬಿಡುವ ಮೊದಲೇ ಹೆಂಡತಿ ಒಳಗಿಂದ "ಬಂತಾ?" ಅನ್ನುವಳು. ಇವನು "ಇಲ್ಲ" ಅನ್ನುವನು. ಏಳು ವರ್ಷ, ರಜೆ ಬಿಟ್ಟು ದಿನಕ್ಕೊಂದು "ಬಂತಾ", ದಿನಕ್ಕೊಂದು "ಇಲ್ಲ".

ಈ "ಬಂತಾ" ಇವತ್ತಿನದಲ್ಲ. ಅದಕ್ಕೆ ಮೂವತ್ತಮೂರು ವರ್ಷದ ಕಥೆಯಿದೆ, ಮನೆಗೆ ಬಂದವರಿಗೆಲ್ಲ ಅವನು ಅದನ್ನು ಹೇಳಿಯೇ ಕಳಿಸುವುದು. ಏರಿಯಲ್ ಕಟ್ಟುವವನು ಮಾಳಿಗೆ ಮೇಲೆ ಕೋಲು ತಿರುಗಿಸುತ್ತಾ "ಬಂತಾ?" ಅಂತ ಕೂಗಬೇಕು, ಟೀವಿ ಮುಂದೆ ಕೂತವರು "ಇಲ್ಲ, ಪರದೆ ತುಂಬಾ ಬರೀ ಹುಳ! ಹಾಂ, ಬಂತು! ಅಯ್ಯೋ, ಹೋಯ್ತು!" ಅಂತ ಕೆಳಗಿಂದ ಕೂಗಬೇಕು. ಕಸುಬು ಇರುವುದೇ ಹಾಗೆ. ಒಂದು ಮನೆಯಲ್ಲಿ ಕಿಟಕಿಯ ಬಳಿ ನಿಂತು ಕೂಗುವ ಕೆಲಸ ಆ ಮನೆಯ ಮಗಳದ್ದಾಗಿತ್ತು. ಇವನು ತಿರುಗಿಸಿದ, ಅವಳು "ಇಲ್ಲ" ಅಂದಳು. ಮತ್ತೆ ತಿರುಗಿಸಿದ, "ಬಂತು, ಹೋಯ್ತು" ಅಂದಳು. ಮೂರು ದಿನ! ಸುಡುವ ಬಿಸಿಲಲ್ಲಿ ಮೂರು ದಿನ! ಪಕ್ಕದ ಮನೆಯಲ್ಲಿ ಅದೇ ಕೋಲು, ಅದೇ ತಂತಿ, ಐದೇ ನಿಮಿಷಕ್ಕೆ ಚಿತ್ರ ಬಂದಿತ್ತು. ಮೂರನೇ ಸಂಜೆ ಇವನು ಸೋತು, "ಇದು ನನ್ನ ಕೈಲಾಗಲ್ಲ, ಬೇರೆ ಒಳ್ಳೆ ಕೆಲಸದವರನ್ನ ಕರೆಸಿಬಿಡಿ" ಅಂತ ಅವಳ ಅಪ್ಪನಿಗೆ ಹೇಳುತ್ತಿದ್ದಾಗ ಕಿಟಕಿಯಿಂದ "ಬಂತು! ಬಂತು!" ಅಂತ ಕೇಳಿಸಿತು. "ನನ್ನ ಕೈಗುಣ ನೋಡಿ" ಅಂತ ಅವನು ಕಥೆ ಮುಗಿಸುವನು, "ಕೋಲು ಬಿಟ್ಟು ಇಳಿದ ಮೇಲೆ ಚಿತ್ರ ಬಂತು. ಮರ್ಯಾದೆ ಉಳಿಸ್ಕೊಳ್ಳೋಕೆ ಆ ಮನೆ ಹುಡುಗೀನೇ ಮದುವೆ ಆಗ್ಬೇಕಾಯ್ತು." ಹೆಂಡತಿ ಪಕ್ಕದಲ್ಲೇ ಕೂತು ಕೇಳುವಳು. ಎಲ್ಲರೂ ನಗುವರು. ಆದರೆ ಒಳಗೊಳಗೇ ಆ ಮೂರು ದಿನ ಅವನಿಗೆ ಇವತ್ತಿಗೂ ಚುಚ್ಚುತ್ತದೆ.

ಇನ್ನು ಗಣಿಯ ಒಳಗಿನ ಅವನ ಗತ್ತು ನೋಡಬೇಕಿತ್ತು. ಆ ಆಳದಲ್ಲಿ ಗಾಳಿ ಎಷ್ಟು ಒಣ ಅಂದರೆ ತುಟಿ ಒಡೆಯುತ್ತದೆ. ಅಂಥ ಗಾಳಿಯಲ್ಲಿ ಉಣ್ಣೆ, ನೈಲಾನು ಉಜ್ಜಿದರೆ ಚಟ್ ಅಂತ ಕಿಡಿ. ಕಣ್ಣಿಗೂ ಕಾಣದ ಆ ಕಿಡಿ ಏರಿಯಲ್ಲಿಗೆ ಆಕಾಶದಿಂದ ಬಂದ 'ಟಕ್' ಥರವೇ ಕೇಳಿಸುತ್ತದೆ. ಅದಕ್ಕೇ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅವನೇ ಕೈಯಾರೆ ಬರೆದು ಹಾಕಿದ ಬೋರ್ಡಿತ್ತು: 'ಹತ್ತಿ ಬಟ್ಟೆ ಮಾತ್ರ.' ಬರೆದದ್ದಷ್ಟೇ ಅಲ್ಲ, ಕಾವಲಿಗೂ ಅವನೇ. ಪ್ರೊಫೆಸರ್ ಮೇಡಂ ಅವರ ಶಾಲು ಕಿತ್ತು ಗೂಟಕ್ಕೆ ಹಾಕಿದ್ದ. ದೂರದಿಂದ ಗಣಿ ನೋಡಲು ಬಂದ ತಲೆನರೆತ ವಿಜ್ಞಾನಿಯೊಬ್ಬರನ್ನು "ಕಾಲುಚೀಲ ನೈಲಾನು ಸಾರ್" ಅಂತ ಮುನ್ನೂರು ಮೀಟರ್ ವಾಪಸ್ ಹತ್ತಿಸಿದ್ದ. ನ್ಯೂಟ್ರಿನೋ ಬೇಕಾದರೂ ನುಸುಳಿ ಹೋಗಬಹುದು, ಇವನ ಕಣ್ಣು ತಪ್ಪಿಸಿ ಒಂದು ಉಣ್ಣೆಯ ಎಳೆ ಹೋಗುವಂತಿಲ್ಲ ಅಂತ ಮೇಡಂ ರೇಗಿಸುತ್ತಿದ್ದರು.

ಹೋದ ವರ್ಷ ಹೆಂಡತಿಗೆ ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಬಲಗೈ ಸೋತಿತು, ಮಾತು ತೊದಲತೊಡಗಿತು. ಇಡೀ ಬೀದಿಯ ಸುದ್ದಿಯನ್ನು ಫೋನಿನಲ್ಲಿ ಹಂಚುತ್ತಿದ್ದವಳು ಫೋನು ಬಡಿದುಕೊಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದಳು. ಸ್ವಂತ ಅಕ್ಕ ಕರೆದರೂ ಎತ್ತಳು. ತೊದಲುವುದನ್ನು ಯಾರೂ ಕೇಳಬಾರದು ಅಂತ. ಬೆರಳಿಗೆ ಕೆಲಸ ಕೊಡಿ ಅಂತ ಡಾಕ್ಟರು ಹೇಳಿದರು ಅಂತ ಅವಳು ಹೆಣಿಗೆಗೆ ಕೂತಳು. ಹನ್ನೊಂದು ತಿಂಗಳು! ಒಂದು ಸಾಲು ಹೆಣೆದು ಎರಡು ಸಾಲು ಬಿಚ್ಚುವಳು, ಸಿಟ್ಟಿಗೆ ಕಡ್ಡಿ ಎಸೆಯುವಳು, ಮತ್ತೆ ಹುಡುಕಿ ತರುವಳು. ಕೊನೆಗೊಂದು ಬೆಳಗ್ಗೆ ಸಾಸಿವೆ ಬಣ್ಣದ ಉಣ್ಣೆಯ ಸ್ವೆಟರ್ ತಯಾರಾಯಿತು. ಒಂದು ತೋಳು ಮಣಿಕಟ್ಟು ದಾಟಿದ ಮೇಲೂ ಇನ್ನೊಂದು ಸ್ವೆಟರಿಗೆ ಆಗುವಷ್ಟು ಉದ್ದ, ಕತ್ತು ಮಾತ್ರ ಮಗುವಿನದ್ದು.

"ಗಣೀಲಿ... ತಣ್ಣಗಿರತ್ತಲ್ಲ" ಅಂದಳು ಒಂದೊಂದೇ ಅಕ್ಷರ ಜೋಡಿಸಿ. "ಅಲ್ಲಿಗೆ... ಹಾಕ್ಕೊಂಡು... ಹೋಗ್ಬಹುದಾ?"

ಬೋರ್ಡು ಬರೆದ ಮಹಾನುಭಾವ ಏನಂದ ಗೊತ್ತೇ? "ಓಹೋ, ಧಾರಾಳವಾಗಿ!" ಅಂದ. ಅವಳ ಮುಖ ನೋಡಿ ಬೇರೆ ಏನೂ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ದಿನಾ ಸ್ವೆಟರ್ ಹಾಕಿಕೊಂಡು, ಮೇಲೆ ಹತ್ತಿಯ ಕೋಟು ಕತ್ತಿನವರೆಗೂ ಗುಂಡಿ ಹಾಕಿ, ಬೇರೆಯವರ ಬಟ್ಟೆ ತಪಾಸಣೆ ಮಾಡತೊಡಗಿದ. ಬಿಚ್ಚದಿದ್ದರೆ ಉಜ್ಜುವುದಿಲ್ಲ, ಉಜ್ಜದಿದ್ದರೆ ಕಿಡಿಯಿಲ್ಲ ಅಂತ ತನಗೆ ತಾನೇ ಲಾಯರಿಕೆ ಬೇರೆ. ಎರಡು ವಾರ ಏನೂ ಆಗಲಿಲ್ಲ.

ಮೂರನೇ ವಾರದ ಮಂಗಳವಾರ ಮಧ್ಯಾಹ್ನ ಮೇಡಂ ಉಪ್ಪಿನ ಓಣಿಯಲ್ಲಿ ಓಡುತ್ತಾ ಬಂದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಅವನು ಅದೇ ಮೊದಲು ನೋಡಿದ್ದು. "ಬಂದಿದೆ! ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ! ಒಂದೇ ಒಂದು, ಎಷ್ಟು ಶುದ್ಧವಾಗಿದೆ ಅಂದ್ರೆ... ಹತ್ತು ಏರಿಯಲ್ಲೂ ಕೇಳಿಸ್ಕೊಂಡಿವೆ!" ಅವರ ಕಣ್ಣಲ್ಲಿ ನೀರು. ಇವನ ಕಣ್ಣಲ್ಲೂ ಬಂತು, ಯಾಕೆ ಬರಬಾರದು? ಕಟ್ಟಿದ್ದು ಇವನ ಕೈ. "ಶುಕ್ರವಾರ ಲೇಖನ ಕಳಿಸ್ತೀವಿ. ಬರೆದವರ ಸಾಲಿನಲ್ಲಿ ನಿಮ್ಮ ಹೆಸರೂ ಇರತ್ತೆ" ಅಂದರು ಮೇಡಂ.

ಆ ಸಂಜೆ ಹೆಂಡತಿ "ಬಂತಾ?" ಅಂದಾಗ ಇವನು ಬಾಗಿಲಲ್ಲೇ ನಿಂತು "ಬಂತು!" ಅಂತ ಕೂಗಿದ, ಎದುರುಮನೆಗೂ ಕೇಳುವ ಹಾಗೆ. ಅವಳು ಎದ್ದು ಬಂದು ಎಡಗೈಯಲ್ಲಿ ಅವನ ಕೆನ್ನೆ ಮುಟ್ಟಿದಳು. ಆಮೇಲೆ ಅವಳು ಮಾಡಿದ್ದು ಅವನು ಕನಸಿನಲ್ಲೂ ಎಣಿಸದ್ದು: ಫೋನು ಎತ್ತಿಕೊಂಡು ಅಕ್ಕನಿಗೆ ಹಚ್ಚಿದಳು. "ಅಕ್ಕಾ... ಇವ್ರು... ಆಕಾಶದಿಂದ ಬಂದಿದ್ದನ್ನ... ಹಿಡಿದ್ರು!" ಆಮೇಲೆ ಅಣ್ಣನಿಗೆ. ಆಮೇಲೆ ಶಾಲೆಯಲ್ಲಿ ಜೊತೆಗೆ ಓದಿದ ಗೆಳತಿಗೆ. ತೊದಲಿದರೆ ತೊದಲಲಿ ಅಂತ ಬುಧವಾರವೂ ಮಾತು, ಗುರುವಾರ ಬೆಳಗ್ಗೆಯೂ ಮಾತು. ಒಂದು ವರ್ಷ ಗಂಟಲಲ್ಲಿ ಕಟ್ಟಿ ಕೂತದ್ದೆಲ್ಲ ಹರಿದು ಬಂದ ಹಾಗೆ. ಇವನೂ ಏನು ಕಮ್ಮಿಯಿಲ್ಲ. ಲಿಫ್ಟಿನವನಿಗೆ ಎರಡು ದಿನದಲ್ಲಿ ಹದಿನಾರು ಸಲ ಹೇಳಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಗಂಡಹೆಂಡತಿ ಇಬ್ಬರದ್ದೂ ಒಂದೇ ಕೈ.

ಗುರುವಾರ ಮಧ್ಯಾಹ್ನ ಮೇಡಂ ಅವನನ್ನು ಕರೆದು ಮೇಜಿನ ಮೇಲೆ ನಕ್ಷೆ ಹರಡಿದರು. "ಎಲ್ಲಿ ಢಿಕ್ಕಿ ಹೊಡೀತು ಅಂತ ಲೆಕ್ಕ ಹಾಕಿದೀವಿ. ನೋಡಿ, ಏಳನೇ ತೂತಿನ ಪಕ್ಕ, ನೆಲದಿಂದ ನಲವತ್ತು ಮೀಟರ್ ಕೆಳಗೆ."

"ಅಷ್ಟು ಖಚಿತವಾಗಿ ಹೇಗೆ ಮೇಡಂ?"

"ಯಾವ ಏರಿಯಲ್ಲಿಗೆ ಮೊದಲು ಕೇಳಿಸ್ತು, ಯಾವುದಕ್ಕೆ ಆಮೇಲೆ ಅಂತ ನೋಡಿ. ಹತ್ತೂ ಇಪ್ಪತ್ತು ಮೀಟರ್ ಆಳದಲ್ಲೇ ಇರೋದ್ರಿಂದ ಅಲೆ ಮೇಲಿಂದ ಬಂತೋ ಕೆಳಗಿಂದ ಬಂತೋ ಅಂತ ಲೆಕ್ಕದಲ್ಲಿ ತಿಳಿಯಲ್ಲ. ಅದನ್ನ ಹೇಳಬೇಕಾಗಿದ್ದು ಇನ್ನೂ ಆಳದಲ್ಲಿರೋ ಬೇರೆ ಎರಡು ಏರಿಯಲ್, ಅವು ಕಿವುಡಾಗಿವೆ. ಆದರೆ ಮೇಲೆ ಇರೋದು ಖಾಲಿ ಹಜಾರ, ಅಲ್ಲಿ ಏನಿದೆ? ಕೆಳಗೇ ಇರ್ಬೇಕು."

ಆ ಎರಡು ಏರಿಯಲ್ ತಂತಿಯ ಬೆಸುಗೆ ಬಿಟ್ಟು ಕೆಟ್ಟದ್ದು ನಾಲ್ಕು ತಿಂಗಳ ಹಿಂದೆ. 'ಮುಂದಿನ ವಾರ ಸರಿ ಮಾಡ್ತೀನಿ' ಅಂತ ಹದಿನೇಳು ವಾರದಿಂದ ಹೇಳುತ್ತಾ ಬಂದವನು ಇವನೇ. ಅದೇನೋ ಹೋಗಲಿ. ಆದರೆ ಮಾಳಿಗೆ ಮೇಲೆ ಕಲಿತ ಪಾಠ ಅವನಿಗೆ ಮರೆತಿರಲಿಲ್ಲ: ಹಿಂದಕ್ಕೆ ಅಡ್ಡಕಡ್ಡಿ ಇಲ್ಲದ ಏರಿಯಲ್ ಬೆನ್ನ ಹಿಂದಿಂದ ಬಂದದ್ದನ್ನೂ ಮುಂದಿಂದ ಬಂತು ಅಂತಲೇ ತಿಳಿಯುತ್ತದೆ. ಏರಿಯಲ್ಲಿನಿಂದ ಇಪ್ಪತ್ತು ಮೀಟರ್ ಕೆಳಗೆ ಅಂದರೆ, ಏರಿಯಲ್ಲಿನಿಂದ ಇಪ್ಪತ್ತು ಮೀಟರ್ ಮೇಲೂ ಆಗಬಹುದು. ಅಂದರೆ ಹಜಾರದ ನೆಲ. ಏಳನೇ ತೂತಿನ ಪಕ್ಕ ನೆಲದ ಮೇಲೆ ಇರುವುದು ಒಂದು ಕಬ್ಬಿಣದ ಬೆಂಚು. ಅವನು ಕೂತು ಬುತ್ತಿ ತಿನ್ನುವ ಬೆಂಚು.

ಮಂಗಳವಾರ ಬೆಳಗ್ಗೆ ಅವನು ಭಾರದ ತಂತಿಯ ಸುರುಳಿ ಹೊತ್ತು ಬೆವತಿದ್ದ. ಕೋಟು ಬಿಚ್ಚಿ, ಆ ಇಕ್ಕಟ್ಟು ಕತ್ತಿನಿಂದ ತಲೆ ಹೊರತೆಗೆಯಲು ಒದ್ದಾಡಿ, ಗಣಿಯೊಳಗೆ ಮೊದಲ ಸಲ ಸ್ವೆಟರ್ ಬಿಚ್ಚಿದ್ದ. ಬೆಂಚಿನ ಮೇಲೆ ಕೈ ಊರಿದಾಗ ಬೆರಳಿಗೆ ಚಟ್ ಅಂದಿತ್ತು. "ಥತ್!" ಅಂತ ಬೈದು ಮರೆತುಬಿಟ್ಟಿದ್ದ. ಗಂಟೆ ಎಷ್ಟು? ಹನ್ನೊಂದರ ಮೇಲೆ.

"ಯಾಕೆ ಎದೆ ಹಿಡ್ಕೊಂಡ್ರಿ?" ಅಂದರು ಮೇಡಂ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನ ಕೈ ತಾನಾಗೇ ಕೋಟಿನ ಗುಂಡಿಯ ಮೇಲೆ ಹೋಗಿತ್ತು. "ಏನಿಲ್ಲ, ಸಂತೋಷ" ಅಂದು ಹೊರಗೆ ಬಂದ.

ಬೆಂಚಿನ ಮೇಲೆ ಹೋಗಿ ಕೂತ. ಸುತ್ತಲೂ ಬೂದು ಬಣ್ಣದ ಉಪ್ಪಿನ ಗೋಡೆ, ಗಣಿಯವರ ಹಳೇ ಉಳಿಯ ಗುರುತುಗಳು, ತೂತುಗಳಿಂದ ಹೊರಟ ಕಪ್ಪು ತಂತಿಗಳು. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತದೆ? ನಾಳೆ ಶುಕ್ರವಾರ. ಲೇಖನ ಹೋಗುತ್ತದೆ, ಮುಚ್ಚಿಹೋಗದ ಒಂದು ಕೆಲಸದಲ್ಲಿ ತನ್ನ ಹೆಸರು ನಿಲ್ಲುತ್ತದೆ. ಹೆಸರು ಹಾಳಾಗಲಿ, ಅದರ ಆಸೆ ಅವನಿಗೆ ಅಷ್ಟಿಲ್ಲ. ಮನೆಯಲ್ಲಿ ಅವಳು ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಹೇಳಿದರೆ, ತಪ್ಪು ಅವಳ ಸ್ವೆಟರಿನದು ಅಂತ ಹೇಳಬೇಕು. ಹನ್ನೊಂದು ತಿಂಗಳು ಹೆಣೆದದ್ದು ಎಲ್ಲರ ಏಳು ವರ್ಷವನ್ನು ಹಾಳು ಮಾಡಿತು ಅಂತ ಕೇಳಿದ ಮೇಲೆ ಅವಳು ಮತ್ತೆ ಫೋನು ಮುಟ್ಟುತ್ತಾಳೆಯೇ? ಆದರೆ ಮೇಡಂ ಓಡುತ್ತಾ ಬಂದ ಮುಖವೂ ಕಣ್ಣೆದುರು ಬಂತು. ಆ ಮುಖಕ್ಕೆ ನಾಳೆ ಊರೆಲ್ಲ ನಕ್ಕರೆ?

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಏಳು ವರ್ಷ ತಿಂದದ್ದೂ ಉಪ್ಪನ್ನೇ. ಎದ್ದು ಹೋಗಿ, ಮೇಡಂ ಎದುರು ಒಂದೊಂದೇ ಗುಂಡಿ ಬಿಚ್ಚಿ ಸಾಸಿವೆ ಬಣ್ಣ ತೋರಿಸಿದ.

ಮಂಗಳವಾರ ಬೆಂಚಿನ ಹತ್ತಿರ ಅದನ್ನು ಬಿಚ್ಚಿದ್ದು, ಬೆರಳಿಗೆ ಚಟ್ ಅಂದದ್ದು, ಎಲ್ಲ ಹೇಳಿದ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಶಾಲು ಕಿತ್ಕೊಂಡ್ರಿ" ಅಂದರು, ಅಷ್ಟೇ.

"ಬೇಲೀನೇ ಎದ್ದು ಹೊಲ ಮೇಯ್ತು ಮೇಡಂ. ಏನು ಬೈದರೂ ಕಮ್ಮೀನೇ."

"ಬೈಯೋದು ಆಮೇಲೆ. ಮೊದಲು ಪರೀಕ್ಷೆ ಮಾಡೋಣ."

ಮೇಡಂ ಮುನ್ನೂರು ಹೆಜ್ಜೆ ಆಚೆ, ತಾಮ್ರದ ಬಲೆ ಹೊದಿಸಿದ ಯಂತ್ರದ ಕೋಣೆಗೆ ಹೋದರು. ಇವನು ಬೆಂಚಿನ ಪಕ್ಕ ನಿಂತು, ಗೋಡೆಯ ಫೋನಿನ ರಿಸೀವರನ್ನು ಬೆಂಚಿನ ಮೇಲೆ ಮಲಗಿಸಿ, ಕೋಟು ಬಿಚ್ಚಿ, ಸ್ವೆಟರ್ ಹಿಡಿದು ಎಳೆದ. ಕತ್ತು ಸಿಕ್ಕಿಕೊಂಡಿತು. ಒಳಗೆ ಸಾಸಿವೆ ಬಣ್ಣದ ಕತ್ತಲು, ಚಿಟಚಿಟ ಸದ್ದು, ಮನೆಯ ಸೋಪಿನ ವಾಸನೆ. ಆಗದಿರಲಿ ದೇವರೇ, ಏನೂ ಬರದಿರಲಿ ಅಂತ ಬೇಡಿಕೊಂಡ. ಜೀವನದಲ್ಲಿ ಅವನು ಸಿಗ್ನಲ್ ಬರಬಾರದು ಅಂತ ಬೇಡಿಕೊಂಡದ್ದು ಅದೊಂದೇ ಸಲ. ತಲೆ ಹೊರಬಂತು. ಕೂದಲೆಲ್ಲ ನೆಟ್ಟಗೆ. ಬೆರಳು ಚಾಚಿ ಕಬ್ಬಿಣ ಮುಟ್ಟಿದ. ಚಟ್.

ಫೋನು ಎತ್ತಿಕೊಂಡ. "ಬಂತಾ?"

ಆ ಕಡೆಯಿಂದ ಯಂತ್ರದ ಗುಂಯ್ ಮಾತ್ರ.

"ಮೇಡಂ, ಬಂತಾ?"

"ಬಂತು" ಅಂದರು ಮೇಡಂ. "ಅಚ್ಚು ಅದೇ."

ವಾಪಸ್ ಬಂದವರು ಅವನ ಪಕ್ಕ ಬೆಂಚಿನ ಮೇಲೆ ಕೂತರು. "ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಗೊತ್ತಾಗ್ತಿತ್ತು ಮೇಡಂ. ನಾನು ಬೆವತಾಗಲೆಲ್ಲ ಒಂದೊಂದು ನ್ಯೂಟ್ರಿನೋ ಬರ್ತಿತ್ತು."

ಮೇಡಂ ನಗಬಾರದು ಅಂತ ಬಹಳ ಪ್ರಯತ್ನಪಟ್ಟರು. ಕೊನೆಗೆ ಕಣ್ಣೊರೆಸಿಕೊಳ್ಳುತ್ತಾ, ಆ ಎರಡು ಕಿವುಡು ಏರಿಯಲ್ ಸೋಮವಾರದೊಳಗೆ ಸರಿಯಾಗಬೇಕು ಅಂತ ಹೇಳಿ ಹೋದರು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಇವನು ಹದಿನೇಳನೇ ಸಲ ಬಾಯಿ ಬಿಡಲಿಲ್ಲ. ಸ್ವೆಟರನ್ನು ಗಂಟು ಮಾಡಿ ಕೈಯಲ್ಲಿ ಹಿಡಿದಿದ್ದ.

ಮನೆ ಬೀದಿಯಲ್ಲಿ ಎರಡು ಸಲ ಸುತ್ತು ಹೊಡೆದ. ಹೇಗೆ ಹೇಳುವುದು? ಬಾಗಿಲು ತೆರೆದೇ ಇತ್ತು. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು.

"ಬಂತಾ?" ಅಂದಳು ನಗುತ್ತಾ. ಒಂದು ಬಂದ ಮೇಲೆ ಎರಡನೆಯದು ಬರಬಾರದೇ?

"ಬರ್ಲಿಲ್ಲ ಕಣೇ" ಅಂದ. "ಮಂಗಳವಾರಾನೂ ಬಂದಿರಲಿಲ್ಲ." ಸ್ವೆಟರನ್ನು ಅವಳ ಮಡಿಲಿಗಿಟ್ಟು, ನೆಲದ ಮೇಲೆ ಕೂತು, ಎಲ್ಲ ಹೇಳಿದ. ಬೋರ್ಡು, ಬೆಂಚು, ಚಟ್, ಎಲ್ಲ. "ಅಲ್ಲಿಗೆ ಇದನ್ನ ಹಾಕ್ಕೊಂಡು ಹೋಗೋ ಹಾಗೇ ಇರಲಿಲ್ಲ. ನಿನಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ತಪ್ಪು ನಂದು, ನಿಂದಲ್ಲ" ಅಂದ.

ಅವಳು ಉದ್ದ ತೋಳನ್ನು ಎತ್ತಿ ಹಿಡಿದು ನೋಡಿದಳು. "ಹತ್ತಕ್ಕೂ... ಕೇಳಿಸ್ತಾ?"

"ಹತ್ತಕ್ಕೂ ಕೇಳಿಸ್ತು. ಕಿವುಡಾಗಿರೋ ಇನ್ನೆರಡನ್ನ ಬಿಟ್ಟು."

ಅವಳ ಭುಜ ಕುಲುಕಿತು. ಅತ್ತಳು ಅಂತ ಇವನು ಹೆದರಿ ಹತ್ತಿರ ಸರಿದ. ಅಳುವಲ್ಲ, ನಗು. ಬಾಯಿಯ ಒಂದು ಕಡೆ ಮಾತ್ರ ಮೇಲೇಳುವ ಈಚಿನ ನಗು. ಉಸಿರು ಸಿಗದಷ್ಟು ನಕ್ಕು, ಫೋನನ್ನು ಕೈಗೆತ್ತಿಕೊಂಡಳು. "ಅಕ್ಕನಿಗೆ... ಹೇಳ್ಬೇಕು. ಹಿಡಿದಿದ್ದು... ನೀವಲ್ಲ. ಕಳಿಸಿದ್ದು... ನಾನು ಅಂತ."

ಆದರೆ ನಂಬರು ಒತ್ತಲಿಲ್ಲ. ಫೋನು ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಾ ಕೂತಳು. "ರೀ... ನಂದೂ... ಒಂದಿದೆ."

"ಏನು?"

"ಆಗ... ನಮ್ಮನೇಲಿ... ಮೊದಲನೇ ದಿನಾನೇ ಬಂದಿತ್ತು."

"ಏನು ಬಂದಿತ್ತು?"

"ಚಿತ್ರ. ನೀವು ಕೋಲು... ನಿಲ್ಲಿಸಿದ ತಕ್ಷಣ."

ಅವನಿಗೆ ತಲೆಗೆ ಹೋಗಲಿಲ್ಲ. ಹೋದ ಮೇಲೆ ಬಾಯಿ ಮುಚ್ಚಲಿಲ್ಲ. "ಅಯ್ಯೋ ನಿನ್ನ! ಮೂರು ದಿನ ಬಿಸಿಲಲ್ಲಿ ಒಣಗಿಸಿದೆಯಲ್ಲೇ!"

"ಬಂತು ಅಂದಿದ್ರೆ... ಇಳಿದು ಹೋಗ್ಬಿಡ್ತಿದ್ರಲ್ಲ."

"ಮೂವತ್ತಮೂರು ವರ್ಷ ನನ್ನ ಕೈಗುಣ ಸರಿಯಿಲ್ಲ ಅಂತ ಊರಿಗೆಲ್ಲ ನಾನೇ ಸಾರ್ಕೊಂಡು ಬಂದೆ. ಪಕ್ಕದಲ್ಲೇ ಕೂತು ಕೇಳ್ತಿದ್ದೆ. ಒಂದು ಸಲಾನಾದ್ರೂ ಹೇಳ್ಬಾರದಾಗಿತ್ತಾ?"

ಅವಳು ಸೋತ ಬಲಗೈಯನ್ನು ಎತ್ತಿ, ಇನ್ನೂ ನೆಟ್ಟಗೆ ನಿಂತಿದ್ದ ಅವನ ಕೂದಲನ್ನು ನಿಧಾನವಾಗಿ ಕೆಳಗೆ ಸವರಿದಳು.

"ನೀವಾಗೇ... ಹಿಡೀತೀರೇನೋ ಅಂತ... ಕಾಯ್ತಾ ಇದ್ದೆ" ಅಂದಳು.